ಯಾವ ಭಾಷೆಯಲ್ಲಾದರೂ ಸರಿ, ಎಷ್ಟು ಮಾತು ಬರುತ್ತೆ?

ನಮ್ಮ ಅಂಗನವಾಡಿಯದು ಶೀಟಿನ ಮಾಡು. ಎಸ್ಟೇಟಿನ ಹಳೆಯ ಗೋದಾಮಿನ ಒಂದು ಭಾಗವನ್ನು ನಮಗೆ ಬಿಟ್ಟುಕೊಟ್ಟಿದ್ದಾರೆ. ಮಳೆ ಹಿಡಿಯಿತೆಂದರೆ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ಆಗ ನಾನು ಹಾಡು ನಿಲ್ಲಿಸಿ ಮಕ್ಕಳಿಗೆ ಬ್ಲಾಕು, ಸ್ಲೇಟು ಕೊಟ್ಟು ಕೂರಿಸುತ್ತೇನೆ. ಒಂದೇ ಸಮನೆ ಸುರಿಯುವ ಮಳೆ ಮಕ್ಕಳಿಗೆ ಅಭ್ಯಾಸವಾಗಿದೆ. ಆದರೆ ಬಿಟ್ಟ ಮಳೆ ಮತ್ತೆ ದಬದಬ ಅಂತ ಶೀಟಿಗೆ ಬಡಿದಾಗ ಪ್ರತಿ ಸಲವೂ ಎಲ್ಲರೂ ಒಟ್ಟಿಗೆ ತಲೆ ಎತ್ತಿ ಮೇಲೆ ನೋಡುತ್ತಾರೆ. ಹತ್ತೊಂಬತ್ತು ವರ್ಷದಿಂದ ನೋಡುತ್ತಿದ್ದೇನೆ.

ಎರಡು ವರ್ಷದ ಹಿಂದೆ, ಜುಲೈ ತಿಂಗಳ ಒಂದು ದಿನ, ಇಪ್ಪತ್ತೆರಡು ಮಕ್ಕಳಲ್ಲಿ ಒಬ್ಬಳು ಮೇಲೆ ನೋಡಲಿಲ್ಲ. ಬ್ಲಾಕು ಜೋಡಿಸುತ್ತಲೇ ಇದ್ದಳು. ಪಕ್ಕದ ಹುಡುಗ ತಲೆ ಎತ್ತಿದ್ದು ಕಣ್ಣಿಗೆ ಬಿದ್ದ ಮೇಲೆ, ಅವನನ್ನು ನೋಡಿ, ಅವಳೂ ನಿಧಾನಕ್ಕೆ ಮೇಲೆ ನೋಡಿದಳು.

ನನಗೆ ಮೈ ತಣ್ಣಗಾಯಿತು. ಒಂಬತ್ತು ತಿಂಗಳಿಂದ ಅವಳು ನನ್ನ ಹತ್ತಿರ ಬರುತ್ತಿದ್ದಳು. ವಯಸ್ಸು ಮೂರು ವರ್ಷ ಮೂರು ತಿಂಗಳು. ಅವಳ ಬಗ್ಗೆ ಯಾರು ಕೇಳಿದರೂ ನಾನು ಹೇಳುತ್ತಿದ್ದದ್ದು ಒಂದೇ ಮಾತು: "ಒಳ್ಳೆ ಹುಡುಗಿ, ತಂಟೆ ಇಲ್ಲ."

ನಾನು ಯಾಕೆ ಗಮನಿಸಲಿಲ್ಲ ಎಂದು ಹೇಳಬೇಕಾದರೆ ಅದಕ್ಕೂ ಒಂದು ವರ್ಷ ಹಿಂದಕ್ಕೆ ಹೋಗಬೇಕು.

ಕೊಡಗಿನ ಸುಂಟಿಕೊಪ್ಪದಿಂದ ಒಳಗೆ ಹೋದರೆ ಸಿಗುವ ಕಾಫಿ ಎಸ್ಟೇಟ್ ನಮ್ಮದು. ಕೂಲಿಯವರ ಲೈನ್ ಮನೆಗಳ ಒಂದು ಸಾಲಿನಲ್ಲಿ ನಡೆದುಕೊಂಡು ಹೋದರೆ ಐದು ಭಾಷೆ ಕಿವಿಗೆ ಬೀಳುತ್ತದೆ. ಮಲಯಾಳ, ತುಳು, ತಮಿಳು, ಕನ್ನಡ, ಈಗ ಕೆಲವು ವರ್ಷದಿಂದ ಅಸ್ಸಾಂ ಕಡೆಯವರ ಮಾತು. ರಸ್ತೆಯ ಆಚೆ ಕೊಡವ ತಕ್ಕ್. ನನ್ನ ಮನೆಯಲ್ಲಿ ಅರೆಭಾಷೆ. ಇಲ್ಲಿ ಹುಟ್ಟಿದ ಮಗು ಇದೆಲ್ಲವನ್ನೂ ಕೇಳಿಕೊಂಡೇ ಬೆಳೆಯುತ್ತದೆ.

ಆ ವರ್ಷ ಮೇಲಿನ ಲೈನಿನ ಒಬ್ಬ ಹುಡುಗನಿಗೆ ಎರಡು ವರ್ಷ ಎರಡು ತಿಂಗಳು. ಅಪ್ಪನ ಮನೆಯವರು ಮಲಯಾಳದವರು, ತಾಯಿ ತುಳು. ಇಬ್ಬರೂ ಕೆಲಸಕ್ಕೆ ಹೋದರೆ ಹಗಲೆಲ್ಲ ಅಚ್ಚಮ್ಮನ, ಅಂದರೆ ಅಪ್ಪನ ತಾಯಿಯ ಜೊತೆ. ಆಟಕ್ಕೆ ಪಕ್ಕದ ಮನೆಯ ಅಸ್ಸಾಮಿನ ಮಕ್ಕಳು. ಮಾತಿನ ಪರೀಕ್ಷೆ ಮಾಡಲು ಬಂದವರೊಬ್ಬರು ಕನ್ನಡದಲ್ಲಿ ಕೇಳಿದರು. ಎರಡು ವರ್ಷಕ್ಕೆ ಸುಮಾರು 50 ಪದ ಬರಬೇಕು, ಎರಡು ಪದ ಸೇರಿಸಿ ಹೇಳಬೇಕು ಎಂಬುದು ಸಾಮಾನ್ಯವಾಗಿ ಇಟ್ಟುಕೊಳ್ಳುವ ಲೆಕ್ಕ. ಆ ಹುಡುಗನ ಬಾಯಿಂದ ಕನ್ನಡದಲ್ಲಿ ಬಂದದ್ದು ಎಂಟು ಪದ. ಭಾಷೆ ತಡ ಎಂದು ಬರೆದುಕೊಂಡು ಹೋದರು. ಹೋಗುವಾಗ ಒಂದು ಸಲಹೆಯನ್ನೂ ಕೊಟ್ಟರು: "ಮನೆಯಲ್ಲಿ ಇಷ್ಟೊಂದು ಭಾಷೆ ಬೇಡ. ಒಂದೇ ಭಾಷೆ ಮಾತಾಡಿ, ಕನ್ನಡ ಮಾತಾಡಿ."

ಅಚ್ಚಮ್ಮನಿಗೆ ಕನ್ನಡ ಬರುವುದಿಲ್ಲ. ಹಾಗಾಗಿ ಅವರು ಮೊಮ್ಮಗನ ಜೊತೆ ಮಾತಾಡುವುದನ್ನೇ ಬಿಟ್ಟರು.

ಇದು ನನಗೆ ಗೊತ್ತಾದದ್ದು ಮೂರು ತಿಂಗಳ ಮೇಲೆ. ಮನೆ ಭೇಟಿಗೆ ಹೋದಾಗ ಅವರು ಹುಡುಗನನ್ನು ತೊಡೆ ಮೇಲೆ ಕೂರಿಸಿಕೊಂಡು ಅನ್ನ ತಿನ್ನಿಸುತ್ತಿದ್ದರು. ಕಾಗೆ ಬಂತು, ಕೈ ತೋರಿಸಿದರು, ಬಾಯಿ ಬಿಡಲಿಲ್ಲ. ಯಾಕೆ ಅಚ್ಚಮ್ಮ ಸುಮ್ನಿದ್ದೀರಿ ಎಂದು ಕೇಳಿದೆ. ಮಗನ ಹೆಂಡತಿ ಹೇಳಿದಳು, "ಹಾಳಾಗುತ್ತೆ ಅಂದ್ರಲ್ಲ ಟೀಚರ್, ಅದಕ್ಕೇ ಅತ್ತೆ ಮಾತಾಡಲ್ಲ." ಹಗಲು ಪೂರ್ತಿ ಆ ಮಗುವಿನ ಜೊತೆ ಇರುವ ಒಬ್ಬರೇ ಒಬ್ಬರು, ಹಾಡು ಕತೆ ಎಲ್ಲ ಗೊತ್ತಿರುವ ಹೆಂಗಸು, ಮೊಮ್ಮಗನಿಗೆ ಒಳ್ಳೆಯದಾಗಲಿ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದರು. ಈಗ ನೆನೆದರೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹೆಚ್ಚು ಭಾಷೆ ಕೇಳಿದ್ದರಿಂದ ಮಗುವಿಗೆ ಮಾತು ತಡವಾಗುವುದಿಲ್ಲ. ಇದು ಭಾಷೆಯ ತಜ್ಞರೆಲ್ಲ ಒಪ್ಪುವ ಮಾತು. ಪದ ಎಣಿಸುವಾಗ ಮಗುವಿನ ಎಲ್ಲ ಭಾಷೆಯ ಪದಗಳನ್ನೂ ಸೇರಿಸಿ ಎಣಿಸಬೇಕು. ನಾವು ಅವತ್ತೇ ಒಲೆ ಮುಂದೆ ಕೂತು ಎಣಿಸಿದೆವು. ತಾಯಿ ಹೇಳುತ್ತಾ ಹೋದಳು, ನಾನು ಬರೆದೆ. ನೀರಿಗೆ 'ವೆಳ್ಳಂ' ಅನ್ನುತ್ತಾನೆ, ಪಕ್ಕದ ಮಕ್ಕಳ ಹತ್ತಿರ 'ಪಾನಿ' ಅನ್ನುತ್ತಾನೆ. ಹಾಲಿಗೆ ಅಚ್ಚಮ್ಮನ ಹತ್ತಿರ 'ಪಾಲ್', ತಾಯಿಯ ಹತ್ತಿರ 'ಪೇರ್'. ಬೆಕ್ಕಿಗೆ 'ಪುಚ್ಚ'. ಅದು ತುಳುವಿನ ಪುಚ್ಚೆಯೋ ಮಲಯಾಳದ ಪೂಚ್ಚಯೋ ಎಂದು ನಾವಿಬ್ಬರೂ ತಲೆ ಕೆಡಿಸಿಕೊಂಡು, ಕೊನೆಗೆ ಒಂದೇ ಪದ ಎಂದು ಬರೆದೆವು. 'ಪಾಲ್ ತಾ' (ಹಾಲು ಕೊಡು) ಅನ್ನುತ್ತಾನೆ, 'ಅಚ್ಚ ವಾ' (ಅಪ್ಪ ಬಾ) ಅನ್ನುತ್ತಾನೆ, 'ಅಮ್ಮ ಬಲ' (ಅಮ್ಮ ಬಾ) ಅನ್ನುತ್ತಾನೆ. ಎರಡು ಪದ ಸೇರಿಸುವುದು ಬಂದಾಗಿತ್ತು. ಪಟ್ಟಿ ಅರವತ್ತು ದಾಟಿತು. ಅಚ್ಚಮ್ಮ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರು. ಸೊಸೆ ವಿಷಯ ಬಿಡಿಸಿ ಹೇಳಿದಾಗ ಅವರು ಹುಡುಗನನ್ನು ಎತ್ತಿಕೊಂಡು ಹಿತ್ತಲಿಗೆ ಹೋದರು. ಅಲ್ಲಿಂದ ಅವರ ದನಿ ಕೇಳಿಸಿತು.

ಆ ಹುಡುಗ ಈಗ ಶಾಲೆಗೆ ಹೋಗುತ್ತಾನೆ. ಚೆನ್ನಾಗಿ ಮಾತಾಡುತ್ತಾನೆ. ಆದರೆ ಅವನಿಂದ ನಾನು ಕಲಿತ ಪಾಠವನ್ನು ತಪ್ಪಾದ ಜಾಗದಲ್ಲಿ ಬಳಸಿದೆ. ಲೈನಿನ ಮಕ್ಕಳು ಸುಮ್ನಿದ್ದರೆ ಭಯ ಬೇಡ, ಮನೆಯ ಭಾಷೆ ಬೇರೆ ಇರುತ್ತದೆ, ಕನ್ನಡ ನಿಧಾನಕ್ಕೆ ಬರುತ್ತದೆ ಎಂದು ಮನಸ್ಸಿನಲ್ಲಿ ಕೂತುಬಿಟ್ಟಿತು. ಆಮೇಲೆ ತಮಿಳಿನ ಮನೆಯಿಂದ ಈ ಹುಡುಗಿ ಬಂದಾಗಲೂ ಹಾಗೇ ಅಂದುಕೊಂಡೆ.

ಅವಳು ಎಲ್ಲವನ್ನೂ ಕಣ್ಣಿನಲ್ಲಿ ಕಲಿಯುತ್ತಿದ್ದಳು. ಎಲ್ಲರೂ ಸಾಲು ನಿಂತರೆ ನಿಲ್ಲುವಳು, ಎಲ್ಲರೂ ಕೈ ತೊಳೆಯಲು ಹೋದರೆ ಹೋಗುವಳು. ನಾನು 'ತಟ್ಟೆ ತಾ' ಎಂದು ಹೇಳುವಾಗ ನನ್ನ ಕೈಯೂ ತಟ್ಟೆಯ ಕಡೆ ಹೋಗಿರುತ್ತಿತ್ತು. ಅವಳು ನೋಡುತ್ತಿದ್ದದ್ದು ಕೈಯನ್ನು. ಆ ನಡುವೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಒಂದು ಸಲ ಬಂದು ಹೋಗಿತ್ತು. 2013ರಲ್ಲಿ ಶುರುವಾದ ಕಾರ್ಯಕ್ರಮ ಅದು. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬಂದು ಮಕ್ಕಳನ್ನು ನೋಡಬೇಕು ಎಂದು ಇದೆ. ಬೆಳವಣಿಗೆ ತಡವಾಗಿರುವುದನ್ನು ಗುರುತಿಸುವುದೂ ಅವರ ಕೆಲಸದಲ್ಲಿ ಸೇರಿದೆ. ಒಂದು ಬೆಳಿಗ್ಗೆಯಲ್ಲಿ ಅವರು ಇಪ್ಪತ್ತೆರಡು ಮಕ್ಕಳನ್ನು ನೋಡಬೇಕು. ದಿನಾ ನೋಡುವವಳು ನಾನು, ಹಾಗಾಗಿ ನನ್ನನ್ನು ಕೇಳಿದರು: "ಮಾತು, ಕಿವಿ ತೊಂದರೆ ಇರೋ ಮಕ್ಕಳು ಯಾರಾದ್ರೂ ಇದ್ದಾರಾ ಟೀಚರೇ?" ನಾನು ಇಬ್ಬರ ಹೆಸರು ಹೇಳಿದೆ. ಇವಳ ಹೆಸರು ಹೇಳಲಿಲ್ಲ.

ಮಳೆಯ ದಿನ ಸಂಜೆ ತಾಯಿ ಕರೆದುಕೊಂಡು ಹೋಗಲು ಬಂದಳು. ತಲೆ ಮೇಲೆ ಪ್ಲಾಸ್ಟಿಕ್ ಗೊಬ್ಬರದ ಚೀಲ, ಕಾಲೆಲ್ಲ ಕೆಸರು. ನನ್ನ ಹರುಕುಮುರುಕು ತಮಿಳಿನಲ್ಲಿ ಕೇಳಿದೆ, ಇವಳ ಬಗ್ಗೆ ನಿನಗೆ ಯಾವತ್ತಾದರೂ ಏನಾದರೂ ಅನ್ನಿಸಿದೆಯಾ ಎಂದು. ಅವಳು ಚೀಲವನ್ನು ಕೆಳಗಿಟ್ಟು ಬಾಗಿಲ ಹತ್ತಿರವೇ ಕೂತಳು. ಒಂದು ವರ್ಷದ ಮಗುವಿದ್ದಾಗಲೇ ಅನ್ನಿಸಿತ್ತಂತೆ. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲವಂತೆ. ಒಂದು ಕ್ಲಿನಿಕ್ಕಿನಲ್ಲಿ ತೋರಿಸಿದ್ದಳು. ಕೆಲವು ಮಕ್ಕಳಿಗೆ ಮಾತು ತಡ, ಐದು ವರ್ಷದವರೆಗೆ ಕಾಯಿರಿ ಎಂದು ಕಳಿಸಿದ್ದರು. ಅತ್ತೆ, ನನ್ನ ಮಗನಿಗೂ ನಾಲ್ಕು ವರ್ಷಕ್ಕೇ ಮಾತು ಬಂದದ್ದು ಎಂದಿದ್ದಳು. ಆಮೇಲೆ ಇವಳು ಯಾರಿಗೂ ಹೇಳಲು ಹೋಗಲಿಲ್ಲ. "ನೀಂಗಳುಂ ಕೇಕ್ಕಲೆ ಟೀಚರ್" ಎಂದಳು. ನೀವೂ ಕೇಳಲಿಲ್ಲ. ಬೈಗುಳದ ಹಾಗೆ ಹೇಳಲಿಲ್ಲ, ಇದ್ದದ್ದನ್ನು ಹೇಳಿದಳು.

ತಂಡದವರಿಗೆ ಫೋನ್ ಮಾಡಿದೆ. ಅವರು ಮಡಿಕೇರಿಗೆ ಚೀಟಿ ಬರೆದುಕೊಟ್ಟರು, ಮಡಿಕೇರಿಯಿಂದ ಮೈಸೂರಿಗೆ ಕಳಿಸಿದರು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಎಲ್ಲರೂ ಸ್ಪೀಚ್ ಅಂಡ್ ಹಿಯರಿಂಗ್ ಎಂದೇ ಕರೆಯುವುದು. 1965ರಿಂದ ಇರುವ ಸಂಸ್ಥೆ. ಸುಂಟಿಕೊಪ್ಪದಿಂದ ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಿ ನೂರು ಕಿಲೋಮೀಟರ್ ಆಸುಪಾಸು. ಕೂಲಿ ಮಾಡುವವರಿಗೆ ಎರಡು ದಿನದ ಸಂಬಳ ಹೋಯಿತು, ಬಸ್ಸಿನ ಖರ್ಚು ಬೇರೆ. ಈ ದೂರದ ಕಾರಣಕ್ಕೇ ನಮ್ಮ ಕಡೆ ಎಷ್ಟೋ ಚೀಟಿಗಳು ಮನೆಯ ಡಬ್ಬಿಯಲ್ಲೇ ಉಳಿದುಹೋಗುತ್ತವೆ. ಅದಕ್ಕೇ ನಾನೂ ಜೊತೆಗೆ ಹೋದೆ.

ಬೇರಾ ಎಂಬ ಪರೀಕ್ಷೆ ಮಾಡಿದರು. ಹಣೆಗೆ, ಕಿವಿಯ ಹಿಂದೆ ಸಣ್ಣ ತಂತಿ ಅಂಟಿಸಿ, ಕಿವಿಗೆ ಶಬ್ದ ಕೊಟ್ಟು, ಅದು ನರದ ಮೂಲಕ ಮೆದುಳಿನ ಕಡೆಗೆ ಹೋಗುತ್ತದೆಯೇ ಎಂದು ಯಂತ್ರ ನೋಡುತ್ತದೆ. ಮಗು ಉತ್ತರ ಹೇಳಬೇಕಾಗಿಲ್ಲ, ಮಲಗಿರಬೇಕು ಅಷ್ಟೆ. ಅದಕ್ಕಾಗಿ ತಾಯಿ ಬೆಳಗಿನ ಬಸ್ಸಿನಲ್ಲಿ ಮಗುವನ್ನು ನಿದ್ದೆ ಮಾಡದಂತೆ ನೋಡಿಕೊಂಡಿದ್ದಳು. ಕಿಟಕಿಯಿಂದ ಒಂದೊಂದು ದನ ತೋರಿಸುತ್ತಾ, ಅಂಗೈಗೆ ಕಚಗುಳಿ ಇಡುತ್ತಾ. ಬೈಲಕುಪ್ಪೆ ದಾಟುವಾಗ ತಾಯಿಗೇ ನಿದ್ದೆ ಬಂದು, ನಾನು ಕಚಗುಳಿ ಇಟ್ಟೆ.

ಎರಡೂ ಕಿವಿ ತೀರಾ ಕಡಿಮೆ ಕೇಳುತ್ತದೆ ಎಂದು ಗೊತ್ತಾಯಿತು.

ಕಿವಿಯ ಪರೀಕ್ಷೆಗೆ ಒಂದು ಲೆಕ್ಕ ಇದೆ: ಒಂದು, ಮೂರು, ಆರು. ಹುಟ್ಟಿದ ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ತೊಂದರೆ ಇದೆಯೋ ಇಲ್ಲವೋ ಖಚಿತ, ಆರು ತಿಂಗಳೊಳಗೆ ಕಿವಿಗೆ ಹಾಕುವ ಮಿಷನ್ನೋ ಚಿಕಿತ್ಸೆಯೋ ಶುರು. ಇವಳಿಗೆ ಶುರುವಾದದ್ದು ಮೂರು ವರ್ಷ ಆರು ತಿಂಗಳಿಗೆ. ಆರು ತಿಂಗಳಿಗೆ ಆಗಬೇಕಾದದ್ದು, ನಡುವಿನ ಮೂರು ವರ್ಷ ಹೋಗಿದೆ. ಅದರಲ್ಲಿ ಒಂಬತ್ತು ತಿಂಗಳು ನನ್ನ ಕಣ್ಣೆದುರೇ ಹೋದವು.

ಆಮೇಲೆ ನಾನು ಕೇಳುವ ರೀತಿ ಬದಲಾಯಿತು. 'ಮಗು ಮಾತಾಡುತ್ತಾ?' ಎಂದು ಈಗ ಕೇಳುವುದಿಲ್ಲ. ಆ ಪ್ರಶ್ನೆಗೆ ಎಲ್ಲ ತಾಯಂದಿರೂ 'ಹೂಂ' ಅನ್ನುತ್ತಾರೆ. ಇಲ್ಲ ಅನ್ನಲು ಯಾರಿಗೆ ಮನಸ್ಸು ಬರುತ್ತೆ? ಅದರ ಬದಲು, ಇವತ್ತು ಬೆಳಿಗ್ಗೆ ಎದ್ದ ಮೇಲೆ ಏನೇನು ಹೇಳಿದ ಎಂದು ಕೇಳುತ್ತೇನೆ. ನೀರು ಬೇಕಾದರೆ ಏನು ಮಾಡುತ್ತಾನೆ? ಜೀಪು ಬಂದರೆ ಬೆರಳು ತೋರಿಸಿ ನಿನ್ನ ಮುಖ ನೋಡುತ್ತಾನಾ? ಈ ಕೊನೆಯದು ತುಂಬಾ ಮುಖ್ಯ. ಒಂದು ವರ್ಷದ ಆಸುಪಾಸಿನ ಮಗು ಏನನ್ನೋ ಬೆರಳಿಂದ ತೋರಿಸಿ 'ನೀನೂ ನೋಡು' ಅನ್ನುವ ಹಾಗೆ ನಮ್ಮ ಕಡೆ ತಿರುಗುತ್ತದಲ್ಲ, ಅದು ಮಾತಿಗಿಂತ ಮೊದಲಿನ ಮಾತು. ಆಮೇಲೆ ನನ್ನ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಕಣ್ಣನ್ನೂ ಅತ್ತಿತ್ತ ಆಡಿಸದೆ, ಮನೆಯವರಿಂದ ಅವರ ಭಾಷೆಯಲ್ಲೇ ಹೇಳಿಸುತ್ತೇನೆ: ಚಪ್ಪಲಿ ತಾ. ತಂದರೆ ಅರ್ಧ ಭಯ ಹೋಗುತ್ತದೆ. ಮಾತು ಕಡಿಮೆ ಇದ್ದರೂ ಎಲ್ಲ ಅರ್ಥವಾಗುವ ಮಗು ಬೇರೆ. ಮಾತೂ ಇಲ್ಲ, ಅರ್ಥವೂ ಆಗುತ್ತಿಲ್ಲ ಅಂದರೆ ಅದು ಬೇರೆ. ಎರಡನೆಯದಕ್ಕೆ ಒಂದು ದಿನವೂ ಕಾಯಬಾರದು.

ವರ್ಷ ತುಂಬಿದರೂ ಬಾಬಾ ದಾದಾ ಎಂದು ತೊದಲದ, ಕೈ ಸನ್ನೆ ಮಾಡದ ಮಗು. ಒಂದೂವರೆ ವರ್ಷಕ್ಕೆ ಒಂದು ಪದವೂ ಇಲ್ಲದ ಮಗು. ಎರಡು ವರ್ಷವಾದರೂ ಎರಡು ಪದ ಸೇರಿಸದ ಮಗು. ಇವರನ್ನು ಕಳಿಸುತ್ತೇನೆ. ಮತ್ತೆ, ವಯಸ್ಸು ಎಷ್ಟೇ ಇರಲಿ, ಬರುತ್ತಿದ್ದ ಮಾತು ಹೋಗಿಬಿಟ್ಟರೆ ತಕ್ಷಣ. ಕಿವಿ ಸೋರುವ ಮಕ್ಕಳ ಹೆಸರನ್ನೂ ಬರೆದಿಡುತ್ತೇನೆ. ನಮ್ಮ ಥಂಡಿಗೆ, ನೆಗಡಿಗೆ, ಕಿವಿಯೊಳಗೆ ನೀರು ಕಟ್ಟಿಕೊಂಡು ತಿಂಗಳುಗಟ್ಟಲೆ ಮಂದವಾಗಿ ಕೇಳುವ ಮಕ್ಕಳು ಇದ್ದಾರೆ. ಅವರು ಒಂದು ದಿನ ಕೇಳಿಸಿಕೊಳ್ಳುತ್ತಾರೆ, ಒಂದು ದಿನ ಇಲ್ಲ. ಹಠ ಎಂದು ಪೆಟ್ಟು ತಿನ್ನುತ್ತಾರೆ.

ಮೈಸೂರಿನಲ್ಲಿ ಒಬ್ಬ ಮೇಡಂ ನನಗೆ ತಿರುವನಂತಪುರದ ಮಕ್ಕಳ ಬೆಳವಣಿಗೆ ಕೇಂದ್ರದವರು ಮಾಡಿದ ಭಾಷೆಯ ಚಾರ್ಟ್ ತೋರಿಸಿದ್ದರು. ವಯಸ್ಸಿನ ತಿಂಗಳ ಮೇಲೆ ಪೆನ್ಸಿಲನ್ನು ನೆಟ್ಟಗೆ ಇಟ್ಟು, ಅದರ ಎಡಗಡೆ ಮುಗಿದಿರುವ ಗೆರೆಗಳಲ್ಲಿ ಮಗು ಮಾಡದೇ ಇರುವುದು ಯಾವುದು ಎಂದು ನೋಡುವುದು. ಎಷ್ಟು ಸುಲಭ ಅನ್ನಿಸಿತು. ಆದರೆ ಆ ಚಾರ್ಟಿಗೂ ಉತ್ತರ ಹೇಳುವವಳು ತಾಯಿಯೇ ಅಲ್ವಾ? ಅವಳ ಭಾಷೆಯಲ್ಲಿ, ಅವಳಿಗೆ ಬಿಡುವಿರುವಾಗ, ಅತ್ತೆ ಗಂಡ ಎದುರಿಗಿಲ್ಲದಾಗ ಕೇಳಿದರೆ ಬರುವ ಉತ್ತರವೇ ಬೇರೆ.

ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ನನ್ನ ಈ ಹುಚ್ಚು ನೋಡಿ ಒಂದು ದಿನ ಫೋನಿನಲ್ಲಿ ಓದಿ ಹೇಳಿದಳು. ಅಮೆರಿಕದಲ್ಲಿ ಪ್ರಿವೆಂಟಿವ್ ಸರ್ವೀಸಸ್ ಟಾಸ್ಕ್ ಫೋರ್ಸ್ ಎಂಬ ತಜ್ಞರ ಸಮಿತಿ ಇದೆಯಂತೆ. ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆಲ್ಲ ಮಾತು, ಭಾಷೆಯ ತಪಾಸಣೆ ಮಾಡುವುದರಿಂದ ಒಳ್ಳೆಯದೇ ಜಾಸ್ತಿಯೋ ಕೆಟ್ಟದ್ದೇ ಜಾಸ್ತಿಯೋ ಎಂದು ಹೇಳಲು ಈಗಿರುವ ಸಾಕ್ಷ್ಯ ಸಾಲದು ಎಂದು 2015ರಲ್ಲಿ ಹೇಳಿದ್ದರು, 2024ರ ಜನವರಿಯಲ್ಲಿ ಮತ್ತೆ ಅದನ್ನೇ ಹೇಳಿದರು. "ಹಾಗಾದ್ರೆ ನೀನು ಮಾಡೋದು ಬೇಡವಾ ಅಮ್ಮ?" ಎಂದಳು.

ನನಗೆ ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ. ಅವರು ಹೇಳಿದ್ದರಲ್ಲಿ ನಿಜ ಇದೆ, ಅಚ್ಚಮ್ಮನ ಮನೆಯಲ್ಲಿ ನಾನೇ ನೋಡಿದ್ದೇನೆ. ತಪ್ಪಾಗಿ ತಡ ಎಂದು ಬರೆದ ಒಂದು ಚೀಟಿ ಮನೆಯೊಂದನ್ನು ಮೂರು ತಿಂಗಳು ಮೂಕ ಮಾಡಿತ್ತು. ಎರಡು ವರ್ಷಕ್ಕೆ ಮಾತು ತಡವಾದ ಮಕ್ಕಳಲ್ಲಿ ಎಷ್ಟೋ ಮಂದಿ ತಾವಾಗಿಯೇ ಸರಿಹೋಗುತ್ತಾರೆ ಎಂಬುದೂ ನಿಜ. ಮಗಳಿಗೆ ಮತ್ತೆ ಫೋನ್ ಮಾಡಿ ಇನ್ನೊಂದು ಸಲ ಓದಿಸಿದೆ. ಸಮಿತಿಯ ಮಾತು, ಯಾವ ಲಕ್ಷಣವೂ ಕಾಣದ, ತಂದೆ ತಾಯಿಗೆ ಯಾವ ಚಿಂತೆಯೂ ಇಲ್ಲದ ಮಕ್ಕಳ ಬಗ್ಗೆ. ಚಿಂತೆ ಇದ್ದರೆ ತೋರಿಸಲೇಬೇಕು, ಅದು ಬೇರೆ ವಿಷಯ. ಆದರೆ ನಮ್ಮ ಲೈನಿನಲ್ಲಿ ಚಿಂತೆ ಇದೆಯೋ ಇಲ್ಲವೋ ಎಂದು ತಾಯಿಯನ್ನು ಕೇಳುವವರು ಯಾರು? ಕಾಫಿ ಕುಯಿಲಿನ ದಿನಗಳಲ್ಲಿ ಕತ್ತಲಿರುವಾಗಲೇ ಎದ್ದು ಅಡಿಗೆ ಮಾಡಿ ಹೊರಡುವ ಹೆಂಗಸು ಅವಳು. ಒಂದು ಸಲ ಹೇಳಿ ಬೈಸಿಕೊಂಡವಳು ಎರಡನೇ ಸಲ ಬಾಯಿ ಬಿಡುವುದಿಲ್ಲ. ಅವಳ ಚಿಂತೆ ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ. ಹಾಗಾಗಿ ನಾನು ಕೇಳುತ್ತೇನೆ. ಮೊದಲ ಪ್ರಶ್ನೆ ಅದೇ: ಮಗುವಿನ ಬಗ್ಗೆ ನಿನಗೆ ಏನಾದರೂ ಅನ್ನಿಸುತ್ತಿದೆಯಾ?

ಅಸ್ಸಾಂ ಕಡೆಯವರ ಮನೆಗಳಲ್ಲಿ ಇದು ತುಂಬಾ ಕಷ್ಟ. ನನಗೆ ಅವರ ಮಾತು ಬರುವುದಿಲ್ಲ, ಅವರಿಗೆ ನನ್ನದು. ಆ ಮನೆಗಳ ಹತ್ತು ವರ್ಷದ ಒಬ್ಬ ಹುಡುಗಿ ಕನ್ನಡ ಶಾಲೆಗೆ ಹೋಗುತ್ತಾಳೆ, ಅವಳನ್ನು ಜೊತೆಗೆ ಕರೆದುಕೊಂಡು ಹೋಗುತ್ತೇನೆ. ಕೆಲಸ ಮುಗಿದು ಇನ್ನೊಂದು ತೋಟಕ್ಕೆ ಹೋಗುವ ಮೊದಲು ಅವರ ಕೈಗೆ ಒಂದು ಚೀಟಿ ಬರೆದುಕೊಡುತ್ತೇನೆ. ಮಗುವಿಗೆ ಬರುವ ಪದಗಳೆಲ್ಲ ಅದರಲ್ಲಿ ಇರುತ್ತವೆ. ಮುಂದಿನ ಊರಿನ ಟೀಚರ್ ಮತ್ತೆ ಸೊನ್ನೆಯಿಂದ ಶುರು ಮಾಡಬಾರದು.

ನಮ್ಮ ಹುಡುಗಿಗೆ ಅಡಿಪ್ ಎಂಬ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಎರಡು ಕಿವಿಗೂ ಮಿಷನ್ ಸಿಕ್ಕಿದೆ. ಈಗ ಐದು ವರ್ಷ ದಾಟಿದೆ. ತಾಯಿ ದಿನಾ ರಾತ್ರಿ ಮಿಷನ್ನನ್ನು ಒಂದು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತಾಳೆ. ನಮ್ಮ ಮಳೆಗಾಲದ ತೇವ ಅದರ ದೊಡ್ಡ ಶತ್ರು. ವಾರಕ್ಕೊಂದು ದಿನ ನನ್ನ ಫೋನಿನಲ್ಲೇ ಮೈಸೂರಿನವರು ವಿಡಿಯೋದಲ್ಲಿ ಪಾಠ ಮಾಡುತ್ತಾರೆ, ಸಿಗ್ನಲ್ ಸಿಗುವ ರೋಡಿನ ತಿರುವಿನಲ್ಲಿ ನಾವು ಮೂವರೂ ಕೂರುತ್ತೇವೆ. 'ಅಮ್ಮ', 'ವಾ', 'ಪೂ', 'ತಾ', 'ಟೀಚ'. ಮೊನ್ನೆ ಎಣಿಸಿದಾಗ ಮೂವತ್ತೊಂದು. ತಮಿಳು, ಕನ್ನಡ ಎರಡೂ ಸೇರಿ.

ಈ ಜೂನಿನಲ್ಲಿ ಮೊದಲ ಜೋರು ಮಳೆ ಶೀಟಿಗೆ ಬಡಿದಾಗ ನಾನು ಅವಳನ್ನೇ ನೋಡುತ್ತಿದ್ದೆ. ಅವಳು ಮೇಲೆ ನೋಡಲು ಹೋಗಲಿಲ್ಲ. ಎರಡು ಕೈಯಿಂದ ಕಿವಿ ಮುಚ್ಚಿಕೊಂಡು ಅತ್ತಳು. ಮಿಷನ್ ಎಲ್ಲ ಶಬ್ದವನ್ನೂ ದೊಡ್ಡದು ಮಾಡುತ್ತದೆ, ಶೀಟಿನ ಮೇಲಿನ ಮಳೆಯನ್ನೂ. ಮಿಷನ್ ಕಿತ್ತು ನನ್ನ ಕೈಗೆ ಕೊಟ್ಟಳು. ಮಳೆ ಸಣ್ಣಗಾಗುವವರೆಗೆ ಅದನ್ನು ಸೆರಗಿನಲ್ಲಿ ಸುತ್ತಿಟ್ಟುಕೊಂಡು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ.

ಮಳೆಗಾಲ ಪೂರ್ತಿ ಹೀಗಾದರೆ ಅವಳಿಗೆ ನಾಲ್ಕು ತಿಂಗಳು ಏನೂ ಕೇಳಿಸದು. ಶೀಟಿನ ಅಡಿಗೆ ಸೀಲಿಂಗ್ ಹಾಕಿಸಿಕೊಡಿ ಎಂದು ಎರಡು ಕಡೆ ಅರ್ಜಿ ಕೊಟ್ಟಿದ್ದೇನೆ. ಸದ್ಯಕ್ಕೆ ಸಹಾಯಕಿ ಮತ್ತು ನಾನು ಒಳಗಿನ ಮೂಲೆಯಲ್ಲಿ ಹಳೆಯ ಗೋಣಿಚೀಲಗಳನ್ನು ಹೊಲಿದು ಚಪ್ಪರದ ಹಾಗೆ ಕಟ್ಟಿದ್ದೇವೆ. ಅದರ ಕೆಳಗೆ ಕೂತರೆ ಸದ್ದು ಸ್ವಲ್ಪ ಕಡಿಮೆ.